ವೃತ್ತಕ್ಕೆ ಲೆಕ್ಕ ಕಲಿಸಿದ ಜೆಸ್ಸಿ ರಾಮ್ಸ್‌ಡನ್

ಎತ್ತಿನ ಗಾಡಿಯ ಗಾಲಿಯನ್ನು ಕಟ್ಟುವ ಬಡಿಗನು ಕೈವಾರದಿಂದ ಒಂದು ವೃತ್ತವನ್ನು ಎಳೆದು, ಕೈವಾರದ ಕಾಲುಗಳನ್ನು ಕದಲಿಸದೆ ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಹೆಜ್ಜೆಯಿಡಿಸುತ್ತ ಹೋದರೆ, ಆರನೆಯ ಹೆಜ್ಜೆಯು ಹೊರಟ ಸ್ಥಳಕ್ಕೇ ಬಂದು ನಿಲ್ಲುತ್ತದೆ. ಆ ಆರು ಭಾಗಗಳನ್ನು ಎರಡೆರಡಾಗಿ ಸೀಳಿದರೆ ಹನ್ನೆರಡು ಅರಗಳಿಗೆ ಸ್ಥಾನ ದೊರೆಯಿತು. ಇದಕ್ಕೆ ಶಾಲೆಯ ರೇಖಾಗಣಿತ ಬೇಕಿಲ್ಲ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಕೈಯ ತಿಳಿವು ಸಾಕು. ಆದರೆ ಅದೇ ವೃತ್ತವನ್ನು ಏಳು ಸಮಭಾಗ ಮಾಡೆಂದರೆ ಬಡಿಗನು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ಇಡಬೇಕು, ನೋಡಬೇಕು, ತಿದ್ದಬೇಕು. ಕಡೆಗೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಗಾಡಿಯ ಗಾಲಿಗೆ ಆ ಕೂದಲೆಳೆಯ ಚಿಂತೆಯಿಲ್ಲ. ಆದರೆ ಅಷ್ಟೇ ಸಣ್ಣ ತಪ್ಪಿನಿಂದ ಸಮುದ್ರದ ನಡುವೆ ಹಡಗು ದಾರಿತಪ್ಪುತ್ತಿದ್ದ ಕಾಲವೊಂದಿತ್ತು.

ಇಂದು ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಕಡೆಯಿಂದ ಕೈಗಾರಿಕಾ ತರಬೇತಿಯನ್ನು ಮುಗಿಸಿ ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗುವ ತರುಣರು ಸಿಎನ್‌ಸಿ ಎಂಬ ಯಂತ್ರದ ಮುಂದೆ ನಿಲ್ಲುತ್ತಾರೆ. ಗಣಕಕ್ಕೆ ಕೊಟ್ಟ ಅಂಕಿಗಳ ಆಣತಿಯಂತೆ ತಾನಾಗಿ ನಡೆಯುವ ಯಂತ್ರವದು. ಲೋಹದ ತುಂಡನ್ನು ಹೊತ್ತ ದುಂಡುಮೇಜು ಇಷ್ಟು ಅಂಶ ತಿರುಗಿ ನಿಲ್ಲಲೆಂದು ಒಂದು ಸಾಲು ಬರೆದರೆ ಅದು ತಿರುಗಿ ನಿಲ್ಲುತ್ತದೆ. ಏಳು ಭಾಗವೂ ಸರಿ, ಹದಿಮೂರು ಭಾಗವೂ ಸರಿ. ಕಣ್ಣಿನ ಕೆಲಸವನ್ನು ಹೀಗೆ ಎಣಿಕೆಗೆ ಒಪ್ಪಿಸಿದ ಸಾಧನೆಯ ಮೂಲವನ್ನು ಅರಸುತ್ತ ಹೋದರೆ, ಇನ್ನೂರೈವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲಿ ದುಡಿಯುತ್ತಿದ್ದ ಒಬ್ಬ ಕುಶಲಕರ್ಮಿಯ ಬಾಗಿಲಿಗೆ ನಾವು ಬಂದು ನಿಲ್ಲುತ್ತೇವೆ. ಆತನೇ ಜೆಸ್ಸಿ ರಾಮ್ಸ್‌ಡನ್.

ರಾಮ್ಸ್‌ಡನ್ನನು ಹುಟ್ಟಿದುದು ೧೭೩೫ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹ್ಯಾಲಿಫ್ಯಾಕ್ಸ್ ಪಟ್ಟಣದ ಬಳಿಯ ಸಾಲ್ಟರ್‌ಹೆಬಲ್ ಎಂಬ ಹಳ್ಳಿಯಲ್ಲಿ. ತಂದೆಯು ದಾರಿಹೋಕರಿಗೆ ಊಟವಸತಿಗಳನ್ನು ಒದಗಿಸುವ ಛತ್ರವೊಂದನ್ನು ನಡೆಸುತ್ತಿದ್ದನು. ಬಾಲಕನಿಗೆ ಶಾಲೆಯಲ್ಲಿ ಕೆಲವು ವರ್ಷಗಳ ಓದು ದೊರೆಯಿತು. ಅನಂತರ ಒಬ್ಬ ಪಾದ್ರಿಯ ಬಳಿ ಗಣಿತದ ರುಚಿ ಹತ್ತಿತು. ಆದರೆ ಆ ಸೀಮೆ ಉಣ್ಣೆಬಟ್ಟೆಯ ಸೀಮೆ. ಅಲ್ಲಿನ ಹುಡುಗರ ಹಣೆಯಲ್ಲಿ ಬರೆದಿದ್ದುದು ಬಟ್ಟೆಯ ಕಸುಬೇ. ಹದಿನಾರನೆಯ ವಯಸ್ಸಿನಲ್ಲಿ ರಾಮ್ಸ್‌ಡನ್ನನೂ ಬಟ್ಟೆ ಹದಗೊಳಿಸುವವನೊಬ್ಬನಲ್ಲಿ ಕಸುಬು ಕಲಿಯಲು ಸೇರಿದನು. ೧೭೫೫ರಲ್ಲಿ ಲಂಡನ್ನಿಗೆ ಬಂದಾಗಲೂ ದೊರೆತುದು ಬಟ್ಟೆಯ ಮಳಿಗೆಯ ಗುಮಾಸ್ತಿಕೆ.

ಆ ಮಳಿಗೆಯಲ್ಲೇ ಆಯುಷ್ಯವನ್ನು ಕಳೆದಿದ್ದರೆ ಜಗತ್ತಿಗೆ ಆತನ ಹೆಸರು ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದಲ್ಲಿ ಆತನು ಯಾರೂ ನಿರೀಕ್ಷಿಸದ ಒಂದು ನಿರ್ಧಾರವನ್ನು ಕೈಕೊಂಡನು. ಸಂಪಾದನೆಯ ವಯಸ್ಸಿನಲ್ಲಿ ಮತ್ತೆ ಶಿಷ್ಯವೃತ್ತಿಗೆ ಇಳಿದು, ಬರ್ಟನ್ ಎಂಬ ಉಪಕರಣಕಾರನ ಬಳಿ ನಾಲ್ಕು ವರ್ಷ ಕಲಿಯಲು ನಿಂತನು. ತನಗಿಂತ ಎಷ್ಟೋ ಕಿರಿಯರಾದ ಹುಡುಗರ ಸಾಲಿನಲ್ಲಿ ಕುಳಿತು ಹಿತ್ತಾಳೆಯನ್ನು ಅರದಿಂದ ಉಜ್ಜುವುದಕ್ಕೆ ಆತನು ನಾಚಲಿಲ್ಲ. ೧೭೬೦ರ ದಶಕದಲ್ಲಿ ಸ್ವಂತ ಅಂಗಡಿ ತೆರೆದನು. ಹೆಸರಾಂತ ದೂರದರ್ಶಕ ತಯಾರಕನಾದ ಜಾನ್ ಡೊಲಾಂಡನ ಮಗಳು ಸಾರಾಳನ್ನು ಮದುವೆಯಾದನು. ಮೊದಲು ಹೇಮಾರ್ಕೆಟ್ಟಿನಲ್ಲಿ, ಆಮೇಲೆ ಪಿಕಡಿಲಿಯಲ್ಲಿ ಆತನ ಕಾರ್ಯಶಾಲೆ ಬೆಳೆಯಿತು. ಮುಂದೆ ಅಲ್ಲಿ ಐವತ್ತು ಅರವತ್ತು ಮಂದಿ ಕೆಲಸಗಾರರು ದುಡಿಯುವಂತಾಯಿತು.

ಆ ಕಾಲದ ದೊಡ್ಡ ಸಮಸ್ಯೆ ಏನೆಂಬುದನ್ನು ಇಲ್ಲಿ ಹೇಳಬೇಕು. ಪಂಚಾಂಗವನ್ನು ಬಲ್ಲವರಿಗೆ ವೃತ್ತದ ಲೆಕ್ಕ ಹೊಸದಲ್ಲ. ವೃತ್ತಕ್ಕೆ ೩೬೦ ಅಂಶ, ಅಂಶಕ್ಕೆ ೬೦ ಕಲೆ, ಕಲೆಗೆ ೬೦ ವಿಕಲೆ. ನಡುಗಡಲಿನಲ್ಲಿರುವ ನಾವಿಕನು ತಾನು ಎಲ್ಲಿದ್ದೇನೆಂದು ತಿಳಿಯಲು ಸೂರ್ಯ, ಚಂದ್ರ, ನಕ್ಷತ್ರಗಳ ಕೋನಗಳನ್ನು ಅಳೆಯಬೇಕು. ಅದಕ್ಕೆ ಇದ್ದುದು ಸೆಕ್ಸ್‌ಟೆಂಟ್ ಎಂಬ ಕೈಯುಪಕರಣ. ವೃತ್ತದ ಆರನೆಯ ಒಂದು ಭಾಗದಷ್ಟು ಬಿಲ್ಲು, ಅದರ ಮೇಲೆ ಅಂಶಗಳ ಗೆರೆಗಳು. ಅಕ್ಷಾಂಶದಲ್ಲಿ ಒಂದು ಕಲೆ ತಪ್ಪಿದರೆ ಹಡಗಿನ ಸ್ಥಾನ ಒಂದು ನಾವಿಕ ಮೈಲಿ ತಪ್ಪುತ್ತದೆ. ಚಂದ್ರನಿಗೂ ನಕ್ಷತ್ರಕ್ಕೂ ಇರುವ ದೂರವನ್ನು ಅಳೆದು ರೇಖಾಂಶವನ್ನು ಕಂಡುಹಿಡಿಯುವ ವಿಧಾನದಲ್ಲಿ ಗಂಡಾಂತರ ಇನ್ನೂ ಹೆಚ್ಚು. ಚಂದ್ರನು ಗಂಟೆಗೆ ಸುಮಾರು ಅರ್ಧ ಅಂಶ ಮಾತ್ರ ಸರಿಯುವುದರಿಂದ, ಅಳತೆಯಲ್ಲಿ ಒಂದು ಕಲೆ ತಪ್ಪಿದರೆ ರೇಖಾಂಶದಲ್ಲಿ ಸುಮಾರು ಮೂವತ್ತು ಕಲೆ ತಪ್ಪುತ್ತದೆ. ಭೂಮಧ್ಯರೇಖೆಯ ಬಳಿ ಅದು ಮೂವತ್ತು ನಾವಿಕ ಮೈಲಿ. ಕತ್ತಲಲ್ಲಿ ಬಂಡೆಯ ತೀರವೊಂದು ಎದುರಾಗಲು ಅಷ್ಟು ದೂರ ಧಾರಾಳವಾಗಿ ಸಾಕು.

ಅಂದಿನವರೆಗೆ ಆ ಗೆರೆಗಳನ್ನು ಕೊರೆಯುತ್ತಿದ್ದುದು ಮನುಷ್ಯನ ಕೈ. ಲಂಡನ್ನಿನ ಜಾನ್ ಬರ್ಡ್ ಎಂಬಾತನು ಈ ವಿದ್ಯೆಯಲ್ಲಿ ಅದ್ವಿತೀಯನೆನಿಸಿದ್ದನು. ದೊಡ್ಡ ವೇಧಶಾಲೆಗಳ ಉಪಕರಣಗಳಿಗೆ ಅಂಥ ಕೈ ಸಿಕ್ಕೀತು. ಆದರೆ ಸಾವಿರಾರು ಹಡಗುಗಳಿಗೆ ಸಾವಿರಾರು ಬರ್ಡರನ್ನು ಎಲ್ಲಿಂದ ತರುವುದು? ಸಾಮಾನ್ಯ ಕೆಲಸಗಾರನು ಕೊರೆದ ಬಿಲ್ಲನ್ನು ನಂಬಿ ಹೊರಟ ನಾವಿಕನ ಪ್ರಾಣವು ಆ ಕೆಲಸಗಾರನ ಅಂದಿನ ಕೈನಡುಕದ ಮೇಲೆ ನಿಂತಿತ್ತು. ರಾಮ್ಸ್‌ಡನ್ನನ ಅಂಗಡಿಗೆ ದುರಸ್ತಿಗೆಂದು ಬರುತ್ತಿದ್ದ ಉಪಕರಣಗಳಲ್ಲಿಯೇ ಈ ದೋಷ ಆತನಿಗೆ ಕಣ್ಣಿಗೆ ರಾಚುತ್ತಿತ್ತು. ಒಬ್ಬ ನಿಪುಣನ ಕೈಯನ್ನು ಯಂತ್ರದೊಳಗೆ ಇಟ್ಟು, ಸಾಮಾನ್ಯನೂ ನಿಪುಣನಷ್ಟೇ ಸರಿಯಾಗಿ ವೃತ್ತವನ್ನು ಭಾಗಿಸುವಂತೆ ಮಾಡಬೇಕೆಂಬ ಹಂಬಲ ಆತನನ್ನು ಹಿಡಿಯಿತು.

ಮೊದಲು ಮಾಡಿದ ಯಂತ್ರವು ಚಿಕ್ಕದು. ಸೂಕ್ಷ್ಮ ಕೆಲಸಕ್ಕೆ ಅದು ಸಾಲಲಿಲ್ಲ. ಆತನು ಎದೆಗುಂದದೆ ಎರಡನೆಯದನ್ನು ಕೈಗೆತ್ತಿಕೊಂಡು, ೧೭೭೦ರ ದಶಕದ ಮೊದಲ ಅರ್ಧದಲ್ಲಿ ಮುಗಿಸಿದನು. ಅದರ ಮುಖ್ಯ ಅಂಗವು ೪೫ ಅಂಗುಲ ಅಡ್ಡಳತೆಯ ಕಂಚಿನ ಚಕ್ರ. ಅದರ ಅಂಚಿನ ಸುತ್ತ ೨೧೬೦ ಹಲ್ಲುಗಳು. ಆ ಹಲ್ಲುಗಳಿಗೆ ಕಚ್ಚಿಕೊಂಡು ಪಕ್ಕದಲ್ಲಿ ಒಂದು ತಿರುಪು. ತಿರುಪು ಒಂದು ಸುತ್ತು ತಿರುಗಿದರೆ ಚಕ್ರವು ಒಂದು ಹಲ್ಲು ಸರಿಯುತ್ತದೆ. ವೃತ್ತದಲ್ಲಿರುವ ಕಲೆಗಳು ಒಟ್ಟು ೨೧,೬೦೦. ಆದುದರಿಂದ ತಿರುಪಿನ ಒಂದು ಸುತ್ತೆಂದರೆ ಸರಿಯಾಗಿ ೧೦ ಕಲೆ, ಆರು ಸುತ್ತೆಂದರೆ ಒಂದು ಅಂಶ. ತಿರುಪಿನ ತಲೆಯನ್ನು ಮತ್ತೆ ೬೦ ಭಾಗ ಮಾಡಿದ್ದರಿಂದ ಒಂದೊಂದು ಭಾಗಕ್ಕೆ ೧೦ ವಿಕಲೆಯ ಚಲನೆ ದೊರೆಯಿತು. ಹೆಬ್ಬೆರಳಿಗೆ ತಿಳಿಯುವಷ್ಟು ದೊಡ್ಡ ತಿರುವು, ಕಣ್ಣಿಗೆ ಕಾಣದಷ್ಟು ಸಣ್ಣ ಸರಿತ; ಇದೇ ಆ ಯಂತ್ರದ ಗುಟ್ಟು.

ಇನ್ನೊಂದು ಸೊಗಸು ಅದರ ಕಾಲುಹಲಗೆಯಲ್ಲಿತ್ತು. ಎಷ್ಟು ಸುತ್ತು, ಎಷ್ಟು ಭಾಗ ತಿರುಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿ ತಡೆಯನ್ನು ಹೊಂದಿಸಿಟ್ಟರೆ ಸಾಕು. ಕೆಲಸಗಾರನು ಹಲಗೆಯನ್ನು ತುಳಿದಾಗ ತಿರುಪು ಅಷ್ಟೇ ತಿರುಗಿ ನಿಲ್ಲುತ್ತಿತ್ತು. ಕಾಲೆತ್ತಿದಾಗ ಹಲಗೆ ಮೇಲಕ್ಕೆ ಬರುತ್ತಿತ್ತೇ ಹೊರತು ತಿರುಪು ಹಿಂದಕ್ಕೆ ಚಲಿಸುತ್ತಿರಲಿಲ್ಲ. ತುಳಿ, ಗೆರೆ ಕೊರೆ. ಮತ್ತೆ ತುಳಿ, ಮತ್ತೆ ಕೊರೆ. ನುರಿತ ಕೈಗೆ ಎಷ್ಟೋ ಹೊತ್ತಿನ ದುಡಿಮೆಯಾಗಿದ್ದ ಸೆಕ್ಸ್‌ಟೆಂಟಿನ ಬಿಲ್ಲು ಈಗ ಸುಮಾರು ಅರ್ಧ ಗಂಟೆಯಲ್ಲಿ ಸಿದ್ಧವಾಗತೊಡಗಿತು. ಮುಂಚಿತವಾಗಿ ಒಂದು ಸಂಖ್ಯೆಯನ್ನು ನೇಮಿಸಿ, ಯಂತ್ರವು ಆ ಸಂಖ್ಯೆಯನ್ನು ತಪ್ಪದೆ ಪಾಲಿಸುವಂತೆ ಮಾಡುವುದನ್ನೇ ಇಂದಿನವರು ಪ್ರೋಗ್ರಾಮ್ ಎನ್ನುತ್ತಾರೆ. ರಾಮ್ಸ್‌ಡನ್ನನಿಗೆ ಆ ಮಾತು ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು.

ಆದರೆ ಇಲ್ಲಿ ಜಾಣ ಓದುಗನು ಒಂದು ಪ್ರಶ್ನೆಯನ್ನು ಕೇಳದಿರಲಾರನು. ಯಂತ್ರವು ಇತರ ವೃತ್ತಗಳನ್ನು ಸರಿಯಾಗಿ ಭಾಗಿಸಬೇಕಾದರೆ ಅದರ ತಾಯಿಚಕ್ರವೇ ಮೊದಲು ಸರಿಯಾಗಿ ಭಾಗವಾಗಿರಬೇಕಷ್ಟೆ? ಅದನ್ನು ಭಾಗಿಸಿದ ಯಂತ್ರ ಯಾವುದು? ಯಾವುದೂ ಇಲ್ಲ. ಅದು ರಾಮ್ಸ್‌ಡನ್ನನ ಕೈಯಿಂದಲೇ ಆಗಬೇಕಾಯಿತು. ಆತನು ಒಂದನೆಯ ಹಲ್ಲಿನಿಂದ ಹೊರಟು ಎರಡು, ಮೂರು ಎಂದು ಎಣಿಸುತ್ತ ಹೋಗಲಿಲ್ಲ. ಹಾಗೆ ಹೋದರೆ ಒಂದೊಂದು ಹಲ್ಲಿನ ಸಣ್ಣ ತಪ್ಪು ಮುಂದಿನದಕ್ಕೆ ಸೇರಿಕೊಂಡು, ಹನಿಗೂಡಿ ಹಳ್ಳವಾಗಿ, ಕೊನೆಯ ಹಲ್ಲು ಮೊದಲನೆಯದರ ಮೇಲೆಯೇ ಏರಿ ಕೂರುತ್ತಿತ್ತು. ಆತನು ಮೊದಲು ಇಡೀ ವೃತ್ತವನ್ನು ಐದು ಭಾಗ ಮಾಡಿದನು. ಒಂದೊಂದನ್ನೂ ಮೂರಾಗಿ ಒಡೆದನು. ಆಗ ಒಂದೊಂದು ಭಾಗಕ್ಕೆ ೧೪೪ ಹಲ್ಲುಗಳ ಎಡೆ. ಅದನ್ನು ನಾಲ್ಕು ಬಾರಿ ಅರ್ಧಿಸುತ್ತ ಬಂದಾಗ ೭೨, ೩೬, ೧೮, ಕಡೆಗೆ ೯. ಹೀಗೆ ವೃತ್ತದ ಸುತ್ತ ೨೪೦ ಕಾವಲುಗೆರೆಗಳು ನಿಂತವು. ತಿರುಪಿನಿಂದ ಹಲ್ಲುಗಳನ್ನು ಕೊರೆಯುವಾಗ ಒಂಬತ್ತು ಹಲ್ಲುಗಳಿಗೊಮ್ಮೆ ಕಾವಲುಗೆರೆಯೊಂದು ಎದುರಾಗಿ, ಸರಿಯಿದ್ದರೆ ಮುಂದೆ ಬಿಡುತ್ತಿತ್ತು, ತಪ್ಪಿದ್ದರೆ ತಡೆಯುತ್ತಿತ್ತು. ಬಳಿಕ ಹಲ್ಲುಗಳೆಲ್ಲ ಒಂದೇ ಹದಕ್ಕೆ ಬರುವವರೆಗೆ ಚಕ್ರವನ್ನು ನೂರಾರು ಸಲ ತಿರುಪಿನಡಿ ಸುತ್ತಿಸಿದನು. ಇಷ್ಟಕ್ಕೆಲ್ಲ ನಿರ್ದುಷ್ಟವಾದ ತಿರುಪು ಬೇಕಷ್ಟೆ. ಅದನ್ನು ಕೊರೆಯಲು ಬೇರೆಯೇ ಒಂದು ಲೇತನ್ನು ಕಟ್ಟಿಕೊಂಡನು.

ಇಡಿಯಿಂದ ಬಿಡಿಗೆ ಬರಬೇಕು, ಬಿಡಿಗಳನ್ನು ಕೂಡಿಸಿ ಇಡಿಯನ್ನು ಕಟ್ಟಹೊರಡಬಾರದು ಎಂಬ ಈ ತತ್ತ್ವವೇ ರಾಮ್ಸ್‌ಡನ್ನನ ಬಾಳಿನ ಮುಖ್ಯವಾದ ಕಾಣಿಕೆಯೆಂದು ತೋರುತ್ತದೆ. ತಪ್ಪೇ ಇಲ್ಲದ ಕೈ ಜಗತ್ತಿನಲ್ಲಿಲ್ಲ. ಆದರೆ ತಪ್ಪು ಬೆಳೆಯದಂತೆ ಒಂಬತ್ತು ಹೆಜ್ಜೆಗೊಮ್ಮೆ ಬೇಲಿ ಹಾಕುವುದು ಮನುಷ್ಯಸಾಧ್ಯವಾದುದು.

ಈ ಯಂತ್ರವನ್ನು ಆತನು ಗುಟ್ಟಾಗಿಟ್ಟುಕೊಳ್ಳಬಹುದಾಗಿತ್ತು. ಇಟ್ಟುಕೊಂಡಿದ್ದರೆ ಲಂಡನ್ನಿನ ಅಂಗಡಿಕಾರರೆಲ್ಲರೂ ಆತನ ಬಾಗಿಲಲ್ಲಿ ಸಾಲುಗಟ್ಟಿ, ಕೇಳಿದ ಬೆಲೆ ಕೊಡಬೇಕಾಗುತ್ತಿತ್ತು. ರೇಖಾಂಶದ ಸಮಸ್ಯೆಗಾಗಿಯೇ ಏರ್ಪಟ್ಟಿದ್ದ ಬ್ರಿಟಿಷ್ ಸರಕಾರದ ಮಂಡಳಿಯು ಮುಂದೆ ಬಂದು ೧೭೭೫ರಲ್ಲಿ ಆತನೊಡನೆ ಒಪ್ಪಂದ ಮಾಡಿಕೊಂಡಿತು. ಶೋಧಕ್ಕೆ ೩೦೦ ಪೌಂಡು, ಯಂತ್ರದ ಒಡೆತನಕ್ಕೆ ೩೧೫ ಪೌಂಡು, ಒಟ್ಟು ೬೧೫. ಪ್ರತಿಯಾಗಿ ಆತನು ಯಂತ್ರದ ರಚನೆಯನ್ನು ಬಿಡಿಸಿ ಬರೆದುಕೊಡಬೇಕು. ಎರಡು ವರ್ಷಗಳ ಅವಧಿಯಲ್ಲಿ ಹತ್ತು ಮಂದಿಯವರೆಗೆ ಅದನ್ನು ಕಟ್ಟುವ, ಬಳಸುವ ವಿದ್ಯೆಯನ್ನು ಕಲಿಸಬೇಕು. ಇತರ ಅಂಗಡಿಕಾರರು ತಂದ ಸೆಕ್ಸ್‌ಟೆಂಟುಗಳನ್ನು ಆರು ಶಿಲಿಂಗಿಗೊಂದರಂತೆ ಗೆರೆ ಹಾಕಿಕೊಡಬೇಕು. ೧೭೭೭ರಲ್ಲಿ ಚಿತ್ರಸಹಿತವಾದ ವಿವರಣೆ ಅಚ್ಚಾಗಿ ಹೊರಬಂದಿತು. ತನ್ನ ಪ್ರತಿಸ್ಪರ್ಧಿಗಳಿಗೇ ತನ್ನ ವಿದ್ಯೆಯನ್ನು ತೆರೆದಿಟ್ಟ ಈ ಒಪ್ಪಂದದಿಂದ ರಾಮ್ಸ್‌ಡನ್ನನು ಶ್ರೀಮಂತನಾಗಲಿಲ್ಲ. ನಾವಿಕನಿಗೆ ಮಾತ್ರ ನಂಬಬಹುದಾದ ಬಿಲ್ಲು ಅಗ್ಗದಲ್ಲಿ ದೊರೆಯಿತು. ೧೭೮೯ರ ಹೊತ್ತಿಗೆ ಆತನ ಕಾರ್ಯಶಾಲೆಯೊಂದರಿಂದಲೇ ಸುಮಾರು ಸಾವಿರ ಇಂಥ ಉಪಕರಣಗಳು ಹೊರಬಿದ್ದಿದ್ದವು.

ರಾಮ್ಸ್‌ಡನ್ನನ ಗುಣಗಳನ್ನು ಮಾತ್ರ ಹೇಳಿ ದೋಷವನ್ನು ಮುಚ್ಚಿಟ್ಟರೆ ಚರಿತ್ರೆಯಾಗುವುದಿಲ್ಲ. ವಿಕಲೆಗಳನ್ನು ಅಳೆದ ಆ ಮನುಷ್ಯನಿಗೆ ತಿಂಗಳುಗಳ ಲೆಕ್ಕವಿರಲಿಲ್ಲ. ಅರಮನೆಗೆ ಬರಲು ದೊರೆ ಮೂರನೆಯ ಜಾರ್ಜನು ಗೊತ್ತುಮಾಡಿದ್ದ ದಿನ ಮತ್ತು ಗಂಟೆಗೆ ಸರಿಯಾಗಿ ಆತನು ಹೋದನಂತೆ, ಆದರೆ ಒಂದು ವರ್ಷ ತಡವಾಗಿ ಎಂಬ ಕಥೆ ಪ್ರಚಲಿತವಾಗಿದೆ. ಕಥೆ ನಗೆ ತರಿಸುತ್ತದೆ. ನಿಜವಾದ ಸಂಗತಿಗಳು ಅಷ್ಟು ನಗೆಯವಲ್ಲ. ಗ್ರೀನಿಚ್ ಮತ್ತು ಪ್ಯಾರಿಸ್ ವೇಧಶಾಲೆಗಳನ್ನು ತ್ರಿಕೋನಗಳಿಂದ ಜೋಡಿಸುವ ಮೋಜಣಿಗಾಗಿ ಜನರಲ್ ವಿಲಿಯಂ ರಾಯ್ ಎಂಬಾತನು ೧೭೮೪ರಲ್ಲಿ ಬೇಡಿದ ಮೂರು ಅಡಿಯ ಥಿಯೊಡೊಲೈಟ್ ಕೈಗೆ ಬಂದುದು ೧೭೮೭ರಲ್ಲಿ. ರೋಗಪೀಡಿತನಾಗಿದ್ದ ರಾಯ್ ಆ ವಿಳಂಬವನ್ನು ಬಹಿರಂಗವಾಗಿಯೇ ಆಕ್ಷೇಪಿಸಿದನು, ೧೭೯೦ರಲ್ಲಿ ತೀರಿಕೊಂಡನು. ಡಬ್ಲಿನ್ ಬಳಿಯ ವೇಧಶಾಲೆಗೆ ಬೇಕಾಗಿದ್ದ ಮಹಾವೃತ್ತವನ್ನು ಕೇಳಿದ ಪಂಡಿತನು ಅದನ್ನು ಕಾಣದೆಯೇ ಕಣ್ಮುಚ್ಚಿದನು. ರಾಮ್ಸ್‌ಡನ್ನನ ಜೀವಮಾನದಲ್ಲಿಯೂ ಅದು ಮುಗಿಯಲಿಲ್ಲ. ಆತನ ಉತ್ತರಾಧಿಕಾರಿಯ ಕೈಯಲ್ಲಿ ೧೮೦೮ರಲ್ಲಿ ಮುಗಿಯಿತು.

ಈ ವಿಳಂಬ ಸೋಮಾರಿತನದಿಂದ ಹುಟ್ಟಿದುದಲ್ಲ. ಮುಗಿದ ಕೆಲಸದಲ್ಲಿ ಸಣ್ಣ ಕುಂದು ಕಂಡರೂ ಅದನ್ನು ಕೆಡವಿ ಮೊದಲಿನಿಂದ ಮಾಡಿಸುವುದು ಆತನ ಸ್ವಭಾವ. ಸಂಜೆ ಅಡಿಗೆಮನೆಯ ಒಲೆಯ ಬಳಿ ಕೆಲಸಗಾರರನ್ನು ಸುತ್ತ ಕೂರಿಸಿಕೊಂಡು, ನಕ್ಷೆಗಳನ್ನು ಹರಡಿ, ಬ್ರೆಡ್ಡು ಬೆಣ್ಣೆ ತಿನ್ನುತ್ತ ಅವರೊಡನೆ ಚರ್ಚಿಸುವುದು ಆತನ ದಿನಚರಿ. ಸಿಸಿಲಿಯಿಂದ ಪಿಯಾಟ್ಸಿ ಎಂಬ ಪಾದ್ರಿಯು ಲಂಡನ್ನಿಗೆ ಬಂದು ಬೆನ್ನುಬಿಡದೆ ನಿಂತುದರಿಂದ ಪಲೆರ್ಮೊ ನಗರದ ಐದು ಅಡಿಯ ವೃತ್ತವು ೧೭೮೯ರಲ್ಲಿ ಪೂರ್ಣವಾಯಿತು. ಅದೇ ವೃತ್ತದಿಂದ ಪಿಯಾಟ್ಸಿಯು ೧೮೦೧ರ ಜನವರಿ ೧ರಂದು ಸೆರೆಸ್ ಎಂಬ ಕಿರುಗ್ರಹವನ್ನು ಕಂಡನು. ರಾಯಲ್ ಸೊಸೈಟಿಯು ರಾಮ್ಸ್‌ಡನ್ನನನ್ನು ೧೭೮೬ರಲ್ಲಿ ಸದಸ್ಯನನ್ನಾಗಿ ಆರಿಸಿಕೊಂಡು, ೧೭೯೫ರಲ್ಲಿ ತನ್ನ ಕಾಪ್ಲಿ ಪದಕವನ್ನು ನೀಡಿ ಗೌರವಿಸಿತು. ಬಟ್ಟೆಯಂಗಡಿಯ ಗುಮಾಸ್ತನಿಗೆ ಇದು ಅಲ್ಪವಾದ ಏರಿಕೆಯಲ್ಲ. ಸೆರೆಸ್ ಕಂಡ ಸುದ್ದಿಯನ್ನು ಕೇಳಲು ಮಾತ್ರ ಆತನಿರಲಿಲ್ಲ. ೧೮೦೦ರ ನವೆಂಬರ್ ೫ರಂದು ಬ್ರೈಟನ್ನಿನಲ್ಲಿ ಆತನು ತೀರಿಹೋಗಿದ್ದನು. ಇದ್ದ ಅಲ್ಪ ಆಸ್ತಿಯಲ್ಲಿ ಹೆಚ್ಚಿನ ಪಾಲು ಮರಣಪತ್ರದಂತೆ ಆತನ ಕೆಲಸಗಾರರಿಗೆ ಹಂಚಿಕೆಯಾಯಿತು.

ಆತನು ಬ್ರೈಟನ್ನಿನಲ್ಲಿ ಕೊನೆಯುಸಿರೆಳೆದ ಆ ೧೮೦೦ರ ಕೊನೆಯ ತಿಂಗಳುಗಳಲ್ಲೇ ಆತನ ಕೈಕೆಲಸವು ಕನ್ನಡ ನಾಡಿನ ನೆಲವನ್ನು ಅಳೆಯುತ್ತಿತ್ತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಮೈಸೂರು ಸೀಮೆಯ ಮೋಜಣಿಗೆ ತೊಡಗಿ, ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಅದಕ್ಕೆ ಬಳಸಿದ ನೂರು ಅಡಿಯ ಉಕ್ಕಿನ ಸರಪಳಿಯು ರಾಮ್ಸ್‌ಡನ್ನನ ಅಂಗಡಿಯದು; ನೆತ್ತಿಯ ನಕ್ಷತ್ರಗಳನ್ನು ಅಳೆಯಲು ಲ್ಯಾಂಬ್ಟನ್ನನ ಬಳಿಯಿದ್ದ ಐದು ಅಡಿಯ ಯಂತ್ರವೂ ಆತನದೇ. ಇವೆರಡೂ ಬ್ರಿಟಿಷ್ ರಾಯಭಾರದೊಡನೆ ಚೀನಾ ದೇಶಕ್ಕೆ ಹೋಗಿ ಅಲ್ಲಿ ಆದರ ಕಾಣದೆ ಕಲಕತ್ತೆಗೆ ಬಂದಿದ್ದವು. ಅನಂತರ ಲಂಡನ್ನಿನಿಂದ ಬಂದ ಅರ್ಧ ಟನ್ ತೂಕದ ಮಹಾ ಥಿಯೊಡೊಲೈಟನ್ನು ಮಾಡಿದವನು ವಿಲಿಯಂ ಕೇರಿ, ರಾಮ್ಸ್‌ಡನ್ನನ ಶಿಷ್ಯ. ಮಂಗಳೂರಿನಿಂದ ಮದರಾಸಿನವರೆಗೆ ಹಬ್ಬಿದ ತ್ರಿಕೋನಗಳ ಬಲೆಯೂ, ಕನ್ಯಾಕುಮಾರಿಯಿಂದ ಹೊರಟು ಬೆಂಗಳೂರನ್ನು ಹಾದು, ನಮ್ಮ ರಾಯಚೂರು ದೋಆಬಿನ ಪೂರ್ವಕ್ಕೆ ಗುತ್ತಿಯ ಮೇಲೆ ಬೀದರಿನತ್ತ ಏರಿದ ಮಹಾರೇಖೆಯೂ ಆ ವೃತ್ತದ ಸುತ್ತುವಿಕೆಯಿಂದ ಹುಟ್ಟಿದವು. ೧೮೦೮ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ವೃತ್ತವು ಸೊಟ್ಟಾದಾಗ, ಲ್ಯಾಂಬ್ಟನ್ ವಾರಗಟ್ಟಲೆ ಡೇರೆಯೊಳಗೆ ಕುಳಿತು, ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎಳೆದು ಮತ್ತೆ ದುಂಡಗೆ ಮಾಡಿದನು.

ರಾಮ್ಸ್‌ಡನ್ನನ ಕಾಲುಹಲಗೆಯಿಂದ ಇಂದಿನ ಗಣಕದವರೆಗಿನ ದಾರಿ ಉದ್ದವಾದುದು. ಕಾರ್ಖಾನೆಗಳಲ್ಲಿ ಹಲ್ಲುಗಾಲಿಗಳನ್ನು ಕೊರೆಯಲು ಡಿವೈಡಿಂಗ್ ಹೆಡ್ ಬಂದಿತು. ಅದರ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಕೆಲಸದ ತುಂಡು ಒಂದು ಸುತ್ತು ತಿರುಗುತ್ತದೆ. ೧೯೫೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅಂಕಿಗಳ ಆಣತಿಯಂತೆ ನಡೆಯುವ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆಯಿತು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಗಿ, ಯಂತ್ರಗಳನ್ನು ಹೆರುವ ಯಂತ್ರಗಳ ಕಸುಬು ಕನ್ನಡ ನಾಡಿನಲ್ಲಿ ಬೇರೂರಿತು. ಇಂದಿನ ದುಂಡುಮೇಜಿನೊಳಗೆ ಇಣಿಕಿದರೂ ಅನೇಕ ಕಡೆ ಕಾಣುವುದು ಅದೇ ಹಲ್ಲುಚಕ್ರ, ಅದೇ ತಿರುಪು. ತುಳಿಯುವ ಕಾಲಿನ ಸ್ಥಾನದಲ್ಲಿ ವಿದ್ಯುತ್ ಮೋಟಾರು ಬಂದಿದೆ, ಅಷ್ಟೆ.

ಪ್ರೋಗ್ರಾಮು ಬರೆಯುವ ತರುಣನಿಗೆ ಎದುರಾಗುವ ತೊಡಕುಗಳೂ ಹಳೆಯವೇ. ಗಾಡಿ ಬಡಿಗನ ಏಳು ಭಾಗವನ್ನೇ ತೆಗೆದುಕೊಳ್ಳೋಣ. ೩೬೦ನ್ನು ಏಳರಿಂದ ಭಾಗಿಸಿದರೆ ೫೧.೪೨೮೫೭ ಎಂದು ಕೊನೆಯಿಲ್ಲದೆ ಬೆಳೆಯುತ್ತದೆ. ಯಂತ್ರಕ್ಕೆ ಮೂರೇ ದಶಾಂಶ ಸ್ಥಾನಗಳು ಸಾಕೆಂದು, ಇದ್ದಲ್ಲಿಂದ ೫೧.೪೨೯ ಅಂಶ ಮುಂದೆ ಹೋಗು ಎಂದು ಏಳು ಸಲ ಹೇಳಿದರೆ, ಮೇಜು ೩೬೦ರ ಬದಲು ೩೬೦.೦೦೩ಕ್ಕೆ ಹೋಗಿ ನಿಲ್ಲುತ್ತದೆ. ಸುಮಾರು ೧೧ ವಿಕಲೆಗಳ ತಪ್ಪು. ಹಾಗಲ್ಲದೆ ಒಂದೊಂದು ಸ್ಥಾನವನ್ನೂ ಮೂಲ ಸೊನ್ನೆಯಿಂದಲೇ ಲೆಕ್ಕಹಾಕಿ ಬರೆದರೆ, ಯಾವ ಸ್ಥಾನದ ತಪ್ಪೂ ಮುಂದಿನದಕ್ಕೆ ಅಂಟುವುದಿಲ್ಲ. ಇಡಿಯಿಂದ ಬಿಡಿಗೆ ಎಂಬುದು ಇದೇ. ಇನ್ನು, ವೃತ್ತಕ್ಕೆ ಕೊನೆಯೆಂಬುದಿಲ್ಲ. ಸೊನ್ನೆಯೂ ೩೬೦ವೂ ಒಂದೇ ಜಾಗ. ೩೫೦ರಲ್ಲಿ ನಿಂತ ಮೇಜಿಗೆ ೧೦ಕ್ಕೆ ಹೋಗೆಂದರೆ ಅದು ಮುಂದಕ್ಕೆ ೨೦ ಅಂಶ ಹೋಗಬೇಕೋ, ಹಿಂದಕ್ಕೆ ೩೪೦ ಅಂಶ ಹೋಗಬೇಕೋ ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು; ಇಲ್ಲದಿದ್ದರೆ ಕತ್ತರಿಸುವ ಅಲಗಿಗೆ ಮೇಜೇ ಬಂದು ಬಡಿದೀತು. ಹಲ್ಲಿಗೂ ತಿರುಪಿಗೂ ನಡುವೆ ಕೊಂಚ ಸಡಿಲವಿದ್ದರೆ, ನಿಲ್ಲಬೇಕಾದ ಸ್ಥಾನವನ್ನು ಸದಾ ಒಂದೇ ದಿಕ್ಕಿನಿಂದ ಸೇರಬೇಕು. ರಾಮ್ಸ್‌ಡನ್ನನ ತಿರುಪು ಹಿಂದಕ್ಕೆ ತಿರುಗದೆ ಮುಂದಕ್ಕೇ ಹೆಜ್ಜೆಯಿಟ್ಟುದರಲ್ಲಿಯೂ ಇದೇ ವಿವೇಕವಿದೆ.

ನಮ್ಮಲ್ಲಿ ಕೈಕಸುಬನ್ನು ಒಂದು ಕಡೆಗೂ ಗಣಿತವನ್ನು ಇನ್ನೊಂದು ಕಡೆಗೂ ಇರಿಸಿ, ನಡುವೆ ಗೋಡೆ ಕಟ್ಟಿದವರೇ ಹೆಚ್ಚು. ಬಡಿಗ, ಕಮ್ಮಾರ, ಅಕ್ಕಸಾಲಿಗರು ಕಂಡುಕೊಂಡ ಎಷ್ಟೋ ತಿಳಿವು ಬರಹಕ್ಕೆ ಇಳಿಯದೆ ಅವರೊಡನೆಯೇ ಮಣ್ಣು ಸೇರಿತು. ಅಚ್ಚಾದ ಆ ವಿವರಣೆಯೂ ತರಬೇತಾದ ಆ ಶಿಷ್ಯರೂ ಇಲ್ಲದಿದ್ದರೆ ರಾಮ್ಸ್‌ಡನ್ನನ ಚಕ್ರಕ್ಕೂ ಅದೇ ಗತಿಯಾಗುತ್ತಿತ್ತು. ಇಂದು ಗುಂಡಿಯೊತ್ತಿ ಮೇಜನ್ನು ತಿರುಗಿಸುವ ನಮ್ಮ ಸೀಮೆಯ ಹುಡುಗನಿಗೆ ಅಂಕಿ ತಿಳಿದರೆ ಸಾಲದು; ಅಂಕಿಯ ಹಿಂದಿರುವ ಚಕ್ರವೂ ತಿಳಿಯಬೇಕು, ಅದು ಅವನ ನುಡಿಯಲ್ಲೇ ತಿಳಿಯಬೇಕು. ಹಾಗೆ ತಿಳಿದವನು ಯಂತ್ರ ತಪ್ಪಿದಾಗ ಕೈಕಟ್ಟಿ ನಿಲ್ಲುವುದಿಲ್ಲ. ತಪ್ಪು ಯಾವ ಹಲ್ಲಿನಲ್ಲಿ ಹುಟ್ಟಿತೆಂದು ಹುಡುಕಿಕೊಂಡು ಹೋಗುತ್ತಾನೆ.